ಅಪ್ಪನ ಮೊಳ, ಅವ್ವನ ಐದನೆಯ ಲೆಕ್ಕ

ಮೊನ್ನೆ ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ ಮಲ್ಲಿಗೆ ಕೊಳ್ಳುತ್ತ ನಿಂತಿದ್ದೆ. ಹಡಗಲಿ ಮಲ್ಲಿಗೆ. ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಸಿದರೆ ಸಾಕು, ಬೀಡಿ ಸೇದುತ್ತ ಕೂತವರೂ ಒಮ್ಮೆ ತಿರುಗಿ ನೋಡುತ್ತಾರೆ. ಹೂವಿನಾಕೆ ಮೊಣಕೈಯಿಂದ ಬೆರಳ ತುದಿಯವರೆಗೆ ಮಾಲೆ ಎಳೆದು "ಒಂದು" ಎಂದಳು. ಎರಡನೆಯ ಮೊಳ ಅಳೆಯುವಾಗ ಅವಳ ಬೆರಳುಗಳು ತಾವಾಗಿಯೇ ಸ್ವಲ್ಪ ಮಡಚಿಕೊಂಡವು. ನನ್ನ ಕಣ್ಣು ಅಲ್ಲೇ ಇತ್ತು.

"ಯಕ್ಕಾ, ಮೊದಲ್ನೇ ಮೊಳಕ್ಕೂ ಎರಡನೇದಕ್ಕೂ ಎರಡು ಬೆರಳು ಫರಕ್ ಐತಲ್ಲ" ಎಂದೆ.

"ಅಯ್ಯ, ಕೈ ಅಂದಮ್ಯಾಗ ಹಂಗ ಅಲ್ಲೇನ್ರಿ? ಬೇಕಾದ್ರ ನಿಮ್ಮ ಕೈಲೆ ಅಳಕೊಳ್ರಿ" ಎಂದು ಮಾಲೆಯನ್ನು ನನ್ನ ಕೈಗೇ ಕೊಟ್ಟಳು. ನಾನು ತೋಳು ಚಾಚಿದೆ. ದೇವರು ನನಗೆ ಕೊಟ್ಟದ್ದರಲ್ಲಿ ಉದಾರವಾಗಿ ಕೊಟ್ಟದ್ದು ತೋಳು ಒಂದನ್ನೇ. ಅದರ ಉದ್ದ ನೋಡಿದ್ದೇ ತಡ, ಆಕೆ ಮಾಲೆಯನ್ನು ವಾಪಸ್ ಎಳೆದುಕೊಂಡಳು. ಅಳೆಯುವವರು ಬದಲಾದರೆ ಅಳತೆಯೇ ಬದಲಾಗುತ್ತದೆ, ಆದ್ದರಿಂದ ಒಂದೇ ಕೈ ಇರಬೇಕು, ಅದೂ ಕೊನೆಯವರೆಗೆ ಒಂದೇ ಥರ ಇರಬೇಕು ಎಂದು ನಾನು ವಿವರಿಸತೊಡಗಿದೆ. ಸುತ್ತ ನಾಲ್ಕೈದು ಜನ ಸೇರಿದರು. ನಾನು ಹತ್ತಬೇಕಿದ್ದ ಹರಪನಹಳ್ಳಿ ಬಸ್ಸು ಅಷ್ಟರಲ್ಲಿ ಹೊರಟುಹೋಯಿತು.

ನಾನು ಗಣಿತದ ಟೀಚರ್ ಆಗಿದ್ದವಳು. ನಿವೃತ್ತಿಯಾಗಿ ವರ್ಷಗಳಾದವು. ಕೈಯಲ್ಲಿ ಸೀಮೆಸುಣ್ಣವಿಲ್ಲ, ಎದುರಿಗೆ ಮಕ್ಕಳಿಲ್ಲ, ಬಾಯಿ ಮಾತ್ರ ಇನ್ನೂ ನೌಕರಿಯಲ್ಲಿದೆ. ಆದರೆ ಮೊಳದ ಆ ಪಾಠ ನಾನು ಶಾಲೆಯಲ್ಲಿ ಕಲಿತದ್ದಲ್ಲ. ಚಿಗಟೇರಿಯಲ್ಲಿ, ದವಾಖಾನೆಯ ಹಿಂದಿನ ಬಯಲಿನಲ್ಲಿ, ಮಟಮಟ ಮಧ್ಯಾಹ್ನ ಅಪ್ಪನಿಂದ ಕಲಿತದ್ದು.

ಅಪ್ಪ ಸರ್ಕಾರಿ ದವಾಖಾನೆಯಲ್ಲಿ ಕಂಪೌಂಡರ್. ಎಪ್ಪತ್ತರ ದಶಕದಲ್ಲಿ ಅವನನ್ನು ಇಟ್ಟಿಗಿಯಿಂದ ಚಿಗಟೇರಿಗೆ, ಚಿಗಟೇರಿಯಿಂದ ಕಾನಹೊಸಹಳ್ಳಿಗೆ ಎತ್ತಿ ಹಾಕುತ್ತಲೇ ಇದ್ದರು. ವರ್ಗಾವಣೆ ಯಾವಾಗಲೂ ನಡು ವರ್ಷದಲ್ಲೇ. ಇಟ್ಟಿಗಿಯ ಮೇಷ್ಟ್ರು ಭಿನ್ನರಾಶಿ ಶುರು ಮಾಡಿದ್ದರು, ಚಿಗಟೇರಿಯ ಮೇಷ್ಟ್ರು ಅದನ್ನು ಆಗಲೇ ಮುಗಿಸಿದ್ದರು. ಹೀಗಾಗಿ ಭಿನ್ನರಾಶಿ ನನ್ನ ಬಾಳಿನಲ್ಲಿ ದಾರಿಯಲ್ಲೆಲ್ಲೋ ಬಿದ್ದುಹೋಯಿತು. ಶಾಲೆಗಳನ್ನು ನಂಬಿ ಕೂತರೆ ಆಗದು ಎಂದು ಅಪ್ಪ ಮನೆಯಲ್ಲೇ ಗಣಿತ ಹೇಳಿಕೊಡಲು ನಿಂತ.

ಅವನ ಹತ್ತಿರ ಗಣಿತದ ಪುಸ್ತಕವಿರಲಿಲ್ಲ. ಇದ್ದದ್ದು ದೇವರ ವಾಕ್ಯದ ದಪ್ಪ ಪುಸ್ತಕ. ಅದರಲ್ಲಿ ಅಳತೆ, ತೂಕ, ಎಣಿಕೆಗಳಿಗೆ ಏನು ಕೊರತೆ ಹೇಳಿ! ಕುರಿಗಳನ್ನು ಎಣಿಸುತ್ತಾರೆ, ಜನಗಳನ್ನು ಎಣಿಸುತ್ತಾರೆ, ಗುಡಾರದ ಪರದೆಗಳನ್ನೂ ಕೊಂಡಿಗಳನ್ನೂ ಬಿಡದೆ ಎಣಿಸುತ್ತಾರೆ. "ಲೆಕ್ಕ ಅಂದ್ರ ಮನುಷ್ಯಾ ಮಾಡಿದ್ದಲ್ಲ ಎಸ್ತೀ, ದೇವ್ರು ಮಾಡಿಟ್ಟಿದ್ದು. ನಾವು ಬರೇ ಹುಡುಕೋದು" ಎನ್ನುತ್ತಿದ್ದ. ನನ್ನ ಹೆಸರು ಎಸ್ತೇರ್. ಮನೆಯಲ್ಲಿ ಎಸ್ತಿ.

ಚಿಗಟೇರಿಯ ಬಯಲಿನಲ್ಲಿ ನಾವು ಅಳೆದದ್ದು ನೋಹನ ನಾವೆಯನ್ನು. ಮುನ್ನೂರು ಮೊಳ ಉದ್ದ, ಐವತ್ತು ಮೊಳ ಅಗಲ. ನಾನೂ ಅವ್ವನೂ ಬಾವಿಹಗ್ಗ ಹಿಡಿದು ಹೊರಟೆವು. ನನ್ನ ತೋಳು ಸೋತಾಗ ಅವ್ವ ಅಳೆಯುವಳು, ಅವ್ವನಿಗೆ ಬೆವರಿಳಿದಾಗ ನಾನು. ಒಂದು ಕಡೆಯಿಂದ ನಾನು ಶುರು ಮಾಡಿದ್ದೆ, ಇನ್ನೊಂದು ಕಡೆಯಿಂದ ಅವ್ವ. ನಾವೆಯ ನಾಲ್ಕೂ ಮೂಲೆಗೆ ಕಲ್ಲಿಟ್ಟು ನೋಡಿದರೆ ಒಂದು ಪಕ್ಕ ಉದ್ದ, ಒಂದು ಪಕ್ಕ ಗಿಡ್ಡ. ಅಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತ. "ಇದರಾಗ ಹತ್ತಿದ ಪ್ರಾಣಿ ಎಲ್ಲಾ ನೀರಿಗೆ ಬಿದ್ದು ಹೋದ್ವು. ಒಬ್ಬರ ಕೈ ಹಿಡದ್ರ ಕೊನೀತನಕ ಅವರ ಕೈನೇ!" ಎಂದ. ಅಳತೆಗೆ ಮಾನ ಎನ್ನುವ ಪದ ನನಗೆ ಆಮೇಲೆ ಶಾಲೆಯಲ್ಲಿ ಸಿಕ್ಕಿತು. ಅರ್ಥ ಅವತ್ತೇ ಸಿಕ್ಕಿತ್ತು.

ಐದು ರೊಟ್ಟಿಯನ್ನು ಐದು ಸಾವಿರ ಜನಕ್ಕೆ ಹಂಚಿದ ಕಥೆಗೂ ಅಪ್ಪ ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ನನ್ನ ಕಣ್ಣಿಗೆ ಅವು ಜೋಳದ ರೊಟ್ಟಿಗಳು, ಪಕ್ಕದಲ್ಲಿ ಗುರೆಳ್ಳು ಚಟ್ನಿ. ಎಲ್ಲರೂ ಹೊಟ್ಟೆ ತುಂಬ ತಿಂದರು ಎಂದು ಮುಂದಕ್ಕೆ ಓಡಲು ನೋಡಿದರೆ ಅಪ್ಪ ತಡೆಯುತ್ತಿದ್ದ. "ಮೊದಲು ಭಾಗಾಕಾರ ಮಾಡು, ಪವಾಡ ಆಮ್ಯಾಗ. ಒಬ್ಬಂಗ ಎಷ್ಟು ಬರ್ತದ?" ನಾನು ಮಾಡಿ ಹೇಳುವೆ, ಒಂದು ರೊಟ್ಟಿಯ ಸಾವಿರದಲ್ಲಿ ಒಂದು ಪಾಲು. "ಹಾಂ! ಭಾಗಾಕಾರ ಗೊತ್ತಿಲ್ದವಂಗ ಆ ಪವಾಡ ಎಷ್ಟು ದೊಡ್ಡದು ಅಂತ ಹೆಂಗ ತಿಳೀತದ?" ದಾರಿಯಲ್ಲಿ ಬಿದ್ದುಹೋಗಿದ್ದ ಭಿನ್ನರಾಶಿ ನನಗೆ ಹೀಗೆ ರೊಟ್ಟಿಯ ಜೊತೆ ವಾಪಸ್ ಬಂತು.

ಈ ಮನೆಶಾಲೆಗೆ ಎರಡು ಕಟ್ಟಳೆಗಳಿದ್ದವು. ತಪ್ಪಾದ ಲೆಕ್ಕವನ್ನು ಅಂಗೈಯಿಂದ ಗಪ್ಪನೆ ಒರೆಸುವಂತಿಲ್ಲ. ಯಾವ ಸಾಲಿನಲ್ಲಿ ತಪ್ಪಿದೆಯೋ ಅಲ್ಲಿ ಬೆರಳಿಟ್ಟು ಬಾಯಿಬಿಟ್ಟು ಹೇಳಬೇಕು. ಅದಕ್ಕೆ ಅರಿಕೆ ಎಂದು ಹೆಸರು, ಪ್ರಾರ್ಥನೆಯಲ್ಲಿ ಪಾಪಗಳನ್ನು ಹೇಳಿಕೊಳ್ಳುವುದಕ್ಕೂ ನಮ್ಮಲ್ಲಿ ಅದೇ ಹೆಸರು. ಹೇಳಿದ ಮೇಲೆ ಅಪ್ಪನೇ ಒದ್ದೆ ಬಟ್ಟೆಯಿಂದ ಸ್ಲೇಟು ಒರೆಸುತ್ತಿದ್ದ, ಆ ತಪ್ಪನ್ನು ಮತ್ತೆ ಎತ್ತುತ್ತಿರಲಿಲ್ಲ. ಗಣಿತ ಬಿಟ್ಟು ಬೇರೆ ವಿಷಯಗಳಲ್ಲಿ ಈ ಗುಣ ಅವನಿಗಿರಲಿಲ್ಲ, ಅವ್ವನನ್ನು ಕೇಳಿದರೆ ಹೇಳುತ್ತಿದ್ದಳು. ಇನ್ನೊಂದು ಕಟ್ಟಳೆ, ಬೇರೆಯವರ ಸ್ಲೇಟಿನ ಉತ್ತರ ಕಣ್ಣಿಗೆ ಬಿದ್ದರೆ ಕೂಡಲೇ "ಕಂಡಿತು" ಎನ್ನಬೇಕು. ಆ ಲೆಕ್ಕ ಅಲ್ಲಿಗೆ ಸತ್ತಿತು. ಅಪ್ಪ ಬೇರೆ ಲೆಕ್ಕ ಕೊಡುತ್ತಿದ್ದ.

ಬೇರೆಯವರ ಸ್ಲೇಟು ಎಂದೆನಲ್ಲ, ಮನೆಯಲ್ಲಿ ಇದ್ದ ಮಗು ನಾನೊಬ್ಬಳೇ. ಇನ್ನೊಂದು ಸ್ಲೇಟು ಅವ್ವನದು.

ಅವ್ವ ಮಾರ್ಥಮ್ಮ. ಏಳನೆಯ ತರಗತಿಯಲ್ಲಿ ಗಣಿತದಲ್ಲಿ ಫೇಲಾಗಿ, ಅದೇ ವರ್ಷ ಮದುವೆಯಾಗಿ ಬಂದವಳು. ನಾವು ಕಾನಹೊಸಹಳ್ಳಿಗೆ ಬಂದ ಮೇಲೆ ಅಲ್ಲಿನ ಬಾಲವಾಡಿಯಲ್ಲಿ ಸಹಾಯಕಿಯಾಗಿದ್ದಳು. ಹಳದಿ ಉಪ್ಪಿಟ್ಟು ಬೇಯಿಸುವುದು, ಮಕ್ಕಳ ಸಿಂಬಳ ಒರೆಸುವುದು ಅವಳ ಕೆಲಸ. ಟೀಚರ್ ರಜೆ ಹಾಕಿದಾಗ ಹಾಡು, ಕಥೆ, ಒಂದು ಎರಡು ಎಣಿಕೆ, ಎಲ್ಲ ಅವಳೇ. ಮಕ್ಕಳಂತೂ ಟೀಚರ್ ಬಂದ ದಿನ ಅಳುತ್ತಿದ್ದವು. ಆ ಟೀಚರಿಗೆ ಕೊಟ್ಟೂರಿನ ಗಂಡು ಗೊತ್ತಾಯಿತು. ಬರುವ ಜೂನಿಗೆ ಜಾಗ ಖಾಲಿ. ತಪಾಸಣೆಗೆ ಬಂದ ಮೇಡಂ ಅವ್ವನಿಗೆ ನೇರವಾಗಿ ಹೇಳಿದರು: "ಮಾರ್ಥಮ್ಮ, ಏಳನೇತ್ತ ಪಾಸ್ ಮಾಡಿಕೊಂಡು ಬಾ, ನೀನೇ ಟೀಚರ್. ಇಲ್ಲಾಂದ್ರ ಬ್ಯಾರೆ ಊರಿಂದ ಯಾರಾದ್ರೂ ಬರ್ತಾರ. ಆಮ್ಯಾಗ ಆ ಜಾಗ ಮತ್ತ ಖಾಲಿ ಆಗೂದಿಲ್ಲ ನೋಡು."

ಅವ್ವ ಅವತ್ತು ಮನೆಗೆ ಬಂದು ಸೀರೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಪಕ್ಕ ಚಾಪೆ ಎಳೆದು ಕೂತಳು. "ನನಗೂ ಒಂದು ಸ್ಲೇಟು ಕೊಡ್ರಿ" ಎಂದಳು ಅಪ್ಪನಿಗೆ. ಆ ವರ್ಷ ನಾನೂ ಏಳನೆಯ ತರಗತಿಯಲ್ಲಿದ್ದೆ. ಅವಳು ಖಾಸಗಿಯಾಗಿ ಪರೀಕ್ಷೆ ಕಟ್ಟಿದಳು.

ಪಕ್ಕದ ಮನೆಯ ಹಾಲಮ್ಮನಿಗೆ ಇದು ದೊಡ್ಡ ತಮಾಷೆ. ಸಂಜೆಯಾದರೆ ಮೊರ ಹಿಡಿದುಕೊಂಡು ನಮ್ಮ ಕಟ್ಟೆಗೇ ಜೋಳ ಹಸನು ಮಾಡಲು ಬರುತ್ತಿದ್ದಳು. ಅಪ್ಪ ಕಣ್ಣುಮುಚ್ಚಿ ಪಾಠಕ್ಕೆ ಮುಂಚಿನ ಪ್ರಾರ್ಥನೆ ಮಾಡುವಾಗ ಮೊರ ಆಡಿಸುವುದನ್ನು ನಿಲ್ಲಿಸಿ ಕೇಳಿ, ಆಮೆನ್ ಆದ ಮೇಲೆ ಮತ್ತೆ ಶುರು ಮಾಡುವಳು. "ನಿಮ್ಮ ದೇವ್ರು ಲೆಕ್ಕಾನೂ ಕಲಿಸ್ತಾನೇನ ಮಾರ್ಥವ್ವಾ? ನಮ್ಮ ಈರಭದ್ರ ಬರೇ ಕಾಯಿ ಕೇಳ್ತಾನ ನೋಡು" ಎಂದು ನಗುವಳು. ಒಮ್ಮೆ ಅಪ್ಪ ಅಡಿಪಟ್ಟಿ ಎತ್ತಿದ್ದನ್ನು ನೋಡಿ, "ಹೇಣ್ತಿಗೆ ಪಟ್ಟಿ ತೋರಿಸ್ತೀಯೇನೋ ಕಂಪೋಂಡ್ರಾ? ಇವತ್ತ ನಿನಗ ರೊಟ್ಟಿ ಹೆಂಗ ಬೀಳ್ತದ ನೋಡ್ತೀನಿ" ಎಂದಳು. ಅಡಿಪಟ್ಟಿ ಅವತ್ತಿನಿಂದ ಗೆರೆ ಎಳೆಯಲು ಮಾತ್ರ ಬಳಕೆಯಾಯಿತು.

ಅವ್ವನಿಗೆ ಅಡ್ಡಬಂದದ್ದು ತ್ರೈರಾಶಿ. ಹದಿನೈದು ಮಕ್ಕಳಿಗೆ ಎರಡು ಸೇರು ರವೆ, ನಲವತ್ತೈದು ಮಕ್ಕಳಿಗೆ ಎಷ್ಟು ಎಂದರೆ ಒಗ್ಗರಣೆ ಹಾಕುತ್ತಲೇ "ಆರು" ಎನ್ನುವಳು. ಅದೇ ಲೆಕ್ಕವನ್ನು ಬಟ್ಟೆಯ ಗಜ, ಎಣ್ಣೆಯ ಡಬ್ಬಿ ಎಂದು ಬರೆದುಕೊಟ್ಟರೆ ಬಳಪ ಹಿಡಿದ ಕೈ ಸುಮ್ಮನೆ ನಿಲ್ಲುತ್ತಿತ್ತು. ಅಪ್ಪ ಎರಡು ದಿನ ತಲೆ ಕೆರೆದುಕೊಂಡು ಒಂದು ಉಪಾಯ ಕಂಡುಹಿಡಿದ. "ಏನರ ಬರಲಿ, ಅದನ್ನ ಉಪ್ಪಿಟ್ಟು ಮಾಡು." ಅಂದಿನಿಂದ ಬಟ್ಟೆ ಉಪ್ಪಿಟ್ಟಾಯಿತು, ಎಣ್ಣೆ ಉಪ್ಪಿಟ್ಟಾಯಿತು, ಅವ್ವನ ಬಳಪ ಓಡತೊಡಗಿತು.

ಆಮೇಲೆ ಆಳುಗಳ ಲೆಕ್ಕ ಬಂತು. ಇಷ್ಟು ಆಳು ಇಷ್ಟು ದಿನದಲ್ಲಿ ಮಾಡಿದ ಕೆಲಸವನ್ನು ಇನ್ನಷ್ಟು ಆಳು ಎಷ್ಟು ದಿನದಲ್ಲಿ ಮಾಡುತ್ತಾರೆ ಎಂಬುದು. ಅವ್ವ ಆಳುಗಳನ್ನು ಉಪ್ಪಿಟ್ಟು ಮಾಡಿದಳು. ಮಕ್ಕಳು ಹೆಚ್ಚಾದರೆ ರವೆ ಹೆಚ್ಚಾಗುವ ಹಾಗೆ ಆಳು ಹೆಚ್ಚಾದಂತೆ ದಿನಗಳೂ ಹೆಚ್ಚಾದವು. ನಾನು ಬಿದ್ದುಬಿದ್ದು ನಕ್ಕೆ. ನನಗೆ ಅದೆಲ್ಲ ಬರುತ್ತಿತ್ತು ನೋಡಿ, ಅಥವಾ ಬರುತ್ತದೆ ಎಂದು ನಾನು ತಿಳಿದಿದ್ದೆ. ಅವ್ವ ನಗಲಿಲ್ಲ. ಒಂದಿಡೀ ಭಾನುವಾರ, ಆರಾಧನೆ ಮುಗಿಸಿ ಬಂದವಳು, ಸುಮ್ಮನೆ ಯೋಚಿಸುತ್ತಿದ್ದಳು. ಸಂಜೆ ಇದ್ದಕ್ಕಿದ್ದಂತೆ, "ರೀ, ಇದು ಹೊಸಾದಾಗಿ ಬೇಸೋ ಉಪ್ಪಿಟ್ಟಲ್ಲ. ಇದು ಉಗ್ರಾಣದಾಗಿನ ರವಾ ಚೀಲ!" ಎಂದಳು. "ಚೀಲ ಒಂದೇ. ಇಪ್ಪತ್ತು ಮಕ್ಕಳಿಗೆ ಹನ್ನೆರಡು ದಿನ ಬಂದ್ರ, ಮೂವತ್ತು ಮಕ್ಕಳಿಗೆ ಎಂಟೇ ದಿನ. ಮಂದಿ ಹೆಚ್ಚಾದ್ರ ದಿನ ಕಡಿಮಿ." ಅಪ್ಪ ಎದ್ದು ನಿಂತುಬಿಟ್ಟ. ಅವನು ಪ್ರಾರ್ಥನೆಗೆ ಬಿಟ್ಟರೆ ಬೇರೆ ಯಾವುದಕ್ಕೂ ಹಾಗೆ ಎದ್ದು ನಿಂತದ್ದನ್ನು ನಾನು ನೋಡಿರಲಿಲ್ಲ.

ಪರೀಕ್ಷೆ ಕೂಡ್ಲಿಗಿಯಲ್ಲಿ. ನಾನೂ ಅವ್ವನೂ ಒಂದೇ ಬಸ್ಸಿನಲ್ಲಿ, ಒಂದೇ ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಹೋದೆವು. ಖಾಸಗಿಯವರಿಗೆ ಕೋಣೆಯ ಕೊನೆಯ ಬೆಂಚು. ಅವ್ವನದು ಅದೇ. ನನ್ನ ನಂಬರು ಅದರ ಮುಂದಿನ ಬೆಂಚಿನಲ್ಲಿತ್ತು. ಕನ್ನಡ, ಸಮಾಜ, ವಿಜ್ಞಾನ ಎಲ್ಲ ಸರಾಗ ಹೋದವು. ಗಣಿತದ ದಿನ ನಾನು ಒಂದು ಗಂಟೆಯೊಳಗೆ ಎಲ್ಲ ಬರೆದು ಮುಗಿಸಿ ಕೂತೆ. ಹಿಂದಿನಿಂದ ಅವ್ವ ಉಸಿರು ಬಿಡುವುದು ಕೇಳಿಸುತ್ತಿತ್ತು. ಮನೆಯಲ್ಲಿ ಲೆಕ್ಕ ಬಾರದಿದ್ದಾಗ ಬಿಡುತ್ತಿದ್ದ ಉದ್ದನೆಯ ಉಸಿರು. ಐದನೆಯ ಪ್ರಶ್ನೆ ಆಳುಗಳದು: ಹನ್ನೆರಡು ಆಳು ಒಂದು ಬಾವಿಯನ್ನು ಹದಿನೈದು ದಿನದಲ್ಲಿ ತೋಡಿದರೆ ಇಪ್ಪತ್ತು ಆಳು ಎಷ್ಟು ದಿನದಲ್ಲಿ ತೋಡುತ್ತಾರೆ? ಐದು ಅಂಕ. ಪಾಪ, ಇದೇ ಅವಳಿಗೆ ಬರುತ್ತಿಲ್ಲ ಎಂದುಕೊಂಡೆ. ಟೀಚರ್ ಆಗುವ ಅವ್ವ ಮತ್ತೆ ಒಲೆ ಊದಲು ಹೋಗುವುದು ನನ್ನ ಕಣ್ಣ ಮುಂದೆ ಬಂತು. ನಾನು ಉತ್ತರ ಪತ್ರಿಕೆಯನ್ನು ಬೆಂಚಿನ ಅಂಚಿಗೆ ಸರಿಸಿ, ಎಡ ಮೊಣಕೈ ತೆಗೆದು, ಸ್ವಲ್ಪ ಬಗ್ಗಿ ಕೂತೆ. ಉತ್ತರವನ್ನು ದಪ್ಪವಾಗಿ ಇನ್ನೊಮ್ಮೆ ತಿದ್ದಿಯೂ ಬಿಟ್ಟೆ.

ಹಿಂದಿನ ಬೆಂಚು ಕಿರ್ ಎಂದಿತು. ಅವ್ವ ಎದ್ದು ನಿಂತಿದ್ದಳು.

"ಸರ್, ಐದನೇದು ನನಗ ಕಂಡಿತ್ರಿ. ಬ್ಯಾರೇದು ಕೊಡ್ರಿ."

ಮೇಲ್ವಿಚಾರಣೆಯ ಮೇಷ್ಟ್ರು ಹತ್ತಿರ ಬಂದರು. "ಏನಮ್ಮಾ? ಏನು ಕಂಡಿತು?"

"ಉತ್ತರಾ ರಿ. ಕಣ್ಣಿಗೆ ಬಿತ್ತು. ಇನ್ನ ಅದನ್ನ ನಾ ಮಾಡಬಾರ್ದು. ಬ್ಯಾರೆ ಲೆಕ್ಕ ಕೊಡ್ರಿ, ಮಾಡ್ತೀನಿ."

ಹುಡುಗರು ಹೋ ಎಂದು ನಕ್ಕರು. ಮೇಷ್ಟ್ರು ನಗಲಿಲ್ಲ. "ಯಾರದು ಕಂಡಿತು?" ಎಂದು ಸುತ್ತ ನೋಡಿದರು. ನಾನು ಮೊಣಕೈಯನ್ನು ಮತ್ತೆ ಪತ್ರಿಕೆಯ ಮೇಲೆ ಎಳೆದುಕೊಂಡೆ. ನಕಲು ಕೊಟ್ಟವರನ್ನೂ ಹೊರಗೆ ಹಾಕುತ್ತಾರೆ ಎಂದು ಮೊದಲ ದಿನವೇ ಓದಿ ಹೇಳಿದ್ದರು. ಅವ್ವನಿಗೂ ಅದು ಆಗಲೇ ನೆನಪಾಗಿರಬೇಕು.

"ನೋಡಿದ್ದು ನನ್ನ ಕಣ್ಣು ರಿ. ತಪ್ಪು ನಂದು" ಎಂದಳು. ಮೇಷ್ಟ್ರು ಅವಳನ್ನು ಮೇಲಿಂದ ಕೆಳಗೆ ನೋಡಿದರು. ಮೂವತ್ತು ದಾಟಿದ ಹೆಂಗಸು, ಬಿಳಿ ಸೀರೆ, ಕೈಯಲ್ಲಿ ಮೊಂಡು ಪೆನ್ಸಿಲು. "ಪರೀಕ್ಷಾದಾಗ ಬ್ಯಾರೆ ಲೆಕ್ಕ ಕೊಡೋ ಪದ್ಧತಿ ಇಲ್ಲಮ್ಮ. ಕುಂದ್ರು" ಎಂದು ಮೆಲ್ಲಗೆ ಹೇಳಿ ಹೋದರು. ಅವ್ವ ಕೂತಳು. ಐದನೆಯ ಲೆಕ್ಕವನ್ನು ಬಿಟ್ಟಳು.

ಸಂಜೆ ಅಪ್ಪ ಪ್ರಶ್ನೆಪತ್ರಿಕೆಯನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಪ್ರಶ್ನೆ ಓದತೊಡಗಿದ. ಅವ್ವ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ಅಪ್ಪ ಬಾವಿಯ ಲೆಕ್ಕ ಓದಿ ಮುಗಿಸಿದ್ದನೋ ಇಲ್ಲವೋ, ರೊಟ್ಟಿ ಬಡಿಯುವ ಸದ್ದಿನ ನಡುವೆಯೇ ಒಳಗಿನಿಂದ ಬಂತು:

"ಒಂಬತ್ತು."

ನಾನು ಬರೆದಿದ್ದದ್ದು ಇಪ್ಪತ್ತೈದು. ಆಳು ಹೆಚ್ಚಾದರೆ ದಿನ ಹೆಚ್ಚು! ಅವ್ವನನ್ನು ನೋಡಿ ಬಿದ್ದುಬಿದ್ದು ನಕ್ಕಿದ್ದ ತಪ್ಪನ್ನೇ ನಾನು ಅವಸರದಲ್ಲಿ ಅಂದವಾಗಿ ಮಾಡಿ, ದಪ್ಪವಾಗಿ ತಿದ್ದಿ, ಅವಳಿಗೆ ತೋರಿಸಿದ್ದೆ. ಅವಳಿಗೆ ಬರುತ್ತಿದ್ದ ಐದು ಅಂಕಗಳನ್ನು ನನ್ನ ತಪ್ಪು ಉತ್ತರ ಕಿತ್ತುಕೊಂಡಿತ್ತು.

"ಒಂಬತ್ತು ಅಂತ ಬರದೀಯಿಲ್ಲೋ?" ಅಪ್ಪನ ಮುಖ ಅರಳಿತ್ತು.

"ಇಲ್ಲ ರಿ. ಕಂಡಿತು, ಬಿಟ್ಟೆ."

ಅಪ್ಪ ಪ್ರಶ್ನೆಪತ್ರಿಕೆ ಕೆಳಗಿಟ್ಟ. ಉಳಿದ ಉತ್ತರಗಳನ್ನೆಲ್ಲ ಕೂಡಿಸಿ ನೋಡಿದ. ಪಾಸಿಗೆ ಮೂವತ್ತೈದು ಬೇಕು. ಎಷ್ಟು ಧಾರಾಳವಾಗಿ ಕೂಡಿಸಿದರೂ ಅವ್ವನದು ಮೂವತ್ತೆರಡರಿಂದ ಮೂವತ್ತಾರರ ನಡುವೆ ಓಡಾಡುತ್ತಿತ್ತು. "ಲೇ ಮಾರ್ಥಾ, ಆ ಕಟ್ಟಳಿ ಮನಿಯಾಗಿಂದು. ಪರೀಕ್ಷಾದಾಗ ಯಾರು ಬ್ಯಾರೆ ಲೆಕ್ಕ ಕೊಡ್ತಾರ?" ಎಂದ. ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚು.

ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. "ದೇವ್ರು ಮನಿಯಾಗ ಮಾತ್ರ ಅದಾನ, ಕೂಡ್ಲಿಗ್ಯಾಗ ಇಲ್ಲ ಅಂತ ನೀವು ಹೇಳಿರ್ಲಿಲ್ಲಲ್ಲ?"

ಅಪ್ಪ ಪ್ರಶ್ನೆಪತ್ರಿಕೆಯನ್ನು ಮಡಚಿ ದಪ್ಪ ಪುಸ್ತಕದೊಳಗೆ ಇಟ್ಟ. ಕಲಿಸಿದವನು ಅವನೇ.

ಆಮೇಲಿನ ಒಂದೂವರೆ ತಿಂಗಳು ನನ್ನ ಬಾಳಿನ ಅತಿ ಉದ್ದದ ಕಾಲ. ಪ್ರತಿ ಸಂಜೆ ಪ್ರಾರ್ಥನೆಯಲ್ಲಿ ಅರಿಕೆಯ ಹೊತ್ತು ಬಂದಾಗ ನಾನು ಬೆಲ್ಲ ಕದ್ದದ್ದು ಹೇಳಿದೆ, ಹಾಲಮ್ಮನ ಕೋಳಿಗೆ ಕಲ್ಲು ಹೊಡೆದದ್ದು ಹೇಳಿದೆ, ಕದಿಯದೇ ಇದ್ದ ಬೆಲ್ಲವನ್ನೂ ಕದ್ದೆ ಎಂದು ಹೇಳಿದೆ. ಚಿಲ್ಲರೆ ಪಾಪಗಳನ್ನೆಲ್ಲ ಹೇಳಿ ಮುಗಿಸಿದರೂ ಆ ದೊಡ್ಡದು ಮಾತ್ರ ಹಾಗೇ ಉಳಿಯುತ್ತಿತ್ತು. ಮೊಣಕೈ ತಾನಾಗಿಯೇ ಸರಿದದ್ದು ಎಂದು ಅವ್ವ ತಿಳಿದಿದ್ದಾಳೆ, ಹಾಗೇ ಇರಲಿ ಎಂದು ಸುಮ್ಮನಿದ್ದೆ. ಬಾಲವಾಡಿಗೆ ಕೊಟ್ಟೂರು ಕಡೆಯ ಒಬ್ಬ ಹುಡುಗಿ ಅರ್ಜಿ ಹಾಕಿದ್ದಾಳೆ ಎಂಬ ಸುದ್ದಿ ಬಂತು. ಅವ್ವ ಆ ದಿನವೂ ಎಂದಿನಂತೆ ಉಪ್ಪಿಟ್ಟು ಬೇಯಿಸಿ ಬಂದಳು.

ಫಲಿತಾಂಶದ ದಿನ ಅಪ್ಪನೇ ಕೂಡ್ಲಿಗಿಗೆ ಹೋದ. ಮಧ್ಯಾಹ್ನದ ಬಸ್ಸು ಹೆದ್ದಾರಿಯಲ್ಲಿ ನಿಂತಿತು. ಅವನು ಇಳಿದವನು ನಡೆಯಲಿಲ್ಲ, ಓಡಿ ಬಂದ. ಕಂಪೌಂಡರ್ ಓಡುವುದನ್ನು ನೋಡಿ ಊರವರು ಯಾರಿಗೋ ಹಾವು ಕಡಿಯಿತು ಎಂದುಕೊಂಡು ಹಿಂದೆಯೇ ಓಡಿಬಂದರು. "ಮೂವತ್ತಾರು!" ಎಂದು ಅಪ್ಪ ಕಟ್ಟೆಯ ಮೇಲೆ ಕುಸಿದು ಕೂತ. "ಪಾಸು, ಮಾರ್ಥಾ! ಮೂವತ್ತಾರು!" ಹಾಲಮ್ಮ ಮೊರ ಎಸೆದು ಅವ್ವನ ಕೆನ್ನೆ ಸವರಿ ನೆಟಿಕೆ ಮುರಿದಳು. ಚೆಲ್ಲಿದ ಜೋಳಕ್ಕೆ ಅವಳ ಕೋಳಿಗಳು ಮುತ್ತಿದವು, ಯಾರೂ ಓಡಿಸಲಿಲ್ಲ. ನನ್ನ ಅಂಕಗಳ ವಿಚಾರ ಯಾರಿಗೂ ನೆನಪಾಗಲಿಲ್ಲ. ನನಗೂ ಬೇಕಿರಲಿಲ್ಲ.

ಎಲ್ಲರೂ ಹೋದ ಮೇಲೆ ಅವ್ವ ಎರಡೂ ಅಂಕಪಟ್ಟಿಗಳನ್ನು ಚಾಪೆಯ ಮೇಲೆ ಪಕ್ಕಪಕ್ಕ ಇಟ್ಟು ನನ್ನನ್ನು ಕರೆದಳು. ನನ್ನದರಲ್ಲಿ ಗಣಿತಕ್ಕೆ ತೊಂಬತ್ತೈದು ಇತ್ತು.

"ಹೋದ ಐದು ಯಾವ್ವು ಗೊತ್ತೈತೇನು ಎಸ್ತೀ?" ಎಂದಳು. "ನನಗ ಕೊಟ್ಟವು."

ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಆ ಸಂಜೆ ಒಂಬತ್ತು ಎನ್ನುವಾಗಲೂ, ನಾನು ಬೆಲ್ಲದ ಕಥೆ ಕಟ್ಟುವಾಗಲೂ. ನಾನು ಅಳುತ್ತ ಎಲ್ಲ ಹೇಳಿದೆ, ಮೊಣಕೈ ಬೇಕೆಂದೇ ತೆಗೆದದ್ದು, ಉತ್ತರ ತಿದ್ದಿ ದಪ್ಪ ಮಾಡಿದ್ದು, ಅವಳಿಗೆ ಲೆಕ್ಕ ಬರುವುದಿಲ್ಲ ಎಂದುಕೊಂಡದ್ದು. ಕೊನೆಯದನ್ನು ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಅವ್ವ ಸೆರಗಿನಿಂದ ನನ್ನ ಮೂಗು ಒರೆಸಿದಳು, ಬಾಲವಾಡಿಯ ಮಕ್ಕಳಿಗೆ ಒರೆಸುವ ಹಾಗೆಯೇ. ಬೈಯಲಿಲ್ಲ. ಆ ಮಾತನ್ನು ಅವಳು ಬದುಕಿದ್ದಷ್ಟು ದಿನ ಮತ್ತೆ ಎತ್ತಲೂ ಇಲ್ಲ.

"ಸೋಮವಾರದಿಂದ ನಾ ಟೀಚರು" ಎಂದಳು. "ಅಲ್ಲೀತನಕ ಯಾಕ ಕಾಯಬೇಕು? ಕುಂದ್ರು, ಆ ಬಾವಿ ಲೆಕ್ಕ ಹೇಳಿಕೊಡ್ತೀನಿ."

ನಾನು ಕೂತು ಕಲಿತೆ.